ಟ್ರಾನ್ಸ್‌ಫಾರ್ಮರ್‌ಗೆ ಭೂಮಿ ಬೇಕೋ ಬೇಡವೋ? ಒಂದು ಹಳೇ ಜಗಳ

ಮನೆಗೆ ಬರೋ ಕರೆಂಟಿನ ಒಂದು ತಂತಿಯನ್ನ ಬೇಕಂತಲೇ ಭೂಮಿಗೆ ಕಟ್ಟಿರ್ತಾರೆ. ಯಾಕೆ? ಇದಕ್ಕೆ ಅಮೆರಿಕದಲ್ಲಿ ವರ್ಷಗಟ್ಟಲೆ ಜಗಳ ನಡೆದಿತ್ತು. ಇವತ್ತು ಆ ಕಥೆ ಹೇಳ್ತೀನಿ.

1886ರ ಮಾರ್ಚ್. ಮ್ಯಾಸಚೂಸೆಟ್ಸ್‌ನ ಗ್ರೇಟ್ ಬ್ಯಾರಿಂಗ್ಟನ್ ಊರಿನಲ್ಲಿ ವಿಲಿಯಂ ಸ್ಟ್ಯಾನ್ಲಿ ಎಸಿ ಕರೆಂಟಿನಿಂದ ಅಂಗಡಿಗಳ ದೀಪ ಹೊತ್ತಿಸಿದರು. ಲೈನಿನ 500 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ 100ಕ್ಕೆ ಇಳಿಸ್ತಿತ್ತು. ಮುಂದೆ ಲೈನುಗಳು ಸಾವಿರ ವೋಲ್ಟ್ ದಾಟಿದವು. ಆದರೆ ಟ್ರಾನ್ಸ್‌ಫಾರ್ಮರ್ ಒಳಗಿನ ಎರಡು ಸುರುಳಿಗಳ ನಡುವೆ ಇರೋದು ಬರೀ ಇನ್ಸುಲೇಷನ್. ಅದು ಸುಟ್ಟರೆ ಲೈನಿನ ವೋಲ್ಟೇಜ್ ನೇರ ಮನೆಯೊಳಕ್ಕೆ! ಬಲ್ಬ್ ಹೋಲ್ಡರ್ ಮುಟ್ಟಿದವರ ಜೀವಕ್ಕೇ ಕುತ್ತು.

ಮನೆ ಕಡೆಯ ಸುರುಳಿಯನ್ನು ಭೂಮಿಗೆ ಕಟ್ಟಿಬಿಡಿ ಅಂದರು ಒಂದಷ್ಟು ಎಂಜಿನಿಯರ್‌ಗಳು. ಬೆಂಕಿ ವಿಮೆಯವರು ಒಪ್ಪಲಿಲ್ಲ. ಒಂದು ತಂತಿ ಭೂಮಿಗೆ ಸೇರಿದ್ದರೆ, ಇನ್ನೊಂದು ನೀರಿನ ಪೈಪಿಗೆ ತಾಗಿದರೂ ಸಾಕು, ಕಿಡಿ ಹಾರುತ್ತೆ ಅನ್ನೋದು ಅವರ ವಾದ. ಆ ಭಯ ಸುಳ್ಳೇನಲ್ಲ. ಆದರೂ ಕೊನೆಗೆ ಜೀವದ ಲೆಕ್ಕವೇ ಗೆದ್ದಿತು. 1913ರ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್, 150 ವೋಲ್ಟ್ ಒಳಗಿನ ಎಸಿ ಸರ್ಕ್ಯೂಟ್‌ಗಳಿಗೆ ಗ್ರೌಂಡಿಂಗ್ ಕಡ್ಡಾಯ ಮಾಡಿತು.

ನನಗೆ ಮುಖ್ಯ ಅನ್ಸೋ ಮಾತು ಇದು: ಮಣ್ಣೊಂದನ್ನೇ ನಂಬೋ ಹಾಗಿಲ್ಲ. ಲೆಕ್ಕ ಹಾಕಿ. 120 ವೋಲ್ಟ್, ಮಣ್ಣಿನ ರೆಸಿಸ್ಟೆನ್ಸ್ 25 ಓಮ್. ಹರಿಯೋದು 4.8 ಆಂಪ್ ಅಷ್ಟೇ. 15 ಆಂಪಿನ ಫ್ಯೂಸ್ ಹೋಗೋದೇ ಇಲ್ಲ; ಲೋಹದ ಪೆಟ್ಟಿಗೆ ಶಾಕ್ ಹೊಡೀತಾನೇ ಇರುತ್ತೆ. ಅದಕ್ಕೇ ಬಾಂಡಿಂಗ್. ಪೆಟ್ಟಿಗೆ, ಪೈಪುಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಬೆಸೆದು, ಮೇನ್ ಬೋರ್ಡಿನಲ್ಲಿ ನ್ಯೂಟ್ರಲ್‌ಗೆ ಸೇರಿಸ್ತಾರೆ. ಆಗ ಕರೆಂಟು ತಂತಿ ಹಿಡಿದೇ ಟ್ರಾನ್ಸ್‌ಫಾರ್ಮರ್‌ಗೆ ವಾಪಸ್ ಓಡುತ್ತೆ, ಫ್ಯೂಸ್ ಥಟ್ಟನೆ ಹೋಗುತ್ತೆ.

ಭೂಮಿ ವೋಲ್ಟೇಜನ್ನು ಹದ್ದಿನಲ್ಲಿಡುತ್ತೆ. ಜೀವ ಉಳಿಸೋ ಫ್ಯೂಸನ್ನು ಹಾರಿಸೋದು ಮಾತ್ರ ಆ ಬೆಸೆದ ತಂತಿ.