ಇಕಿರು ಮತ್ತು ಲಿವಿಂಗ್: ಒಂದೇ ಕತೆ, ಎರಡು ಕಾಲ

ಕನ್ನಡದ 'ಬದುಕು' ಎಂಬ ಮಾತು ನಾಮಪದವೂ ಹೌದು, ಕ್ರಿಯಾಪದವೂ ಹೌದು. 'ಅವರ ಬದುಕು ಹಾಗೇ ಕಳೆದುಹೋಯಿತು' ಎಂದಾಗ ಅದು ಮುಗಿದುಹೋದದ್ದರ ಲೆಕ್ಕ. 'ನೀನಾದರೂ ಬದುಕು' ಎಂದಾಗ ಎದುರಿಗಿರುವವರಿಗೆ ಹೇಳಿದ ಮಾತು. ಅಕಿರಾ ಕುರೊಸಾವಾ 1952ರಲ್ಲಿ ತೆಗೆದ ಸಿನಿಮಾದ ಹೆಸರು 'ಇಕಿರು'. ಜಪಾನಿ ಭಾಷೆಯಲ್ಲಿ ಅದು ಕ್ರಿಯಾಪದದ ನಿಘಂಟುರೂಪ. ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುತ್ತದೆ, ಭೂತಕಾಲಕ್ಕೆ ಸಲ್ಲದು. ಎಪ್ಪತ್ತು ವರ್ಷಗಳ ನಂತರ, 2022ರಲ್ಲಿ, ಅದೇ ಕತೆ ಇಂಗ್ಲಿಷಿನಲ್ಲಿ 'ಲಿವಿಂಗ್' ಎಂಬ ಹೆಸರಿನಲ್ಲಿ ಬಂತು. ಎರಡನ್ನೂ ಒಂದರ ಹಿಂದೊಂದು ನೋಡಿದ ಮೇಲೆ ನನ್ನನ್ನು ಕಾಡಿದ್ದು ಈ ಕಾಲದ ಪ್ರಶ್ನೆ. ಕತೆ ಭಾಷೆ ಬದಲಿಸಿದ್ದು ನಮಗೆ ತಕ್ಷಣ ಕಾಣುತ್ತದೆ. ಅದು ಕಾಲವನ್ನೂ ಬದಲಿಸಿದ್ದು ಅಷ್ಟು ಬೇಗ ಕಾಣುವುದಿಲ್ಲ.

ಕತೆ ಸರಳ. ಕಾಂಜಿ ವತಾನಬೆ ನಗರಾಡಳಿತದ ಒಂದು ವಿಭಾಗದ ಮುಖ್ಯಸ್ಥ. ಹೆಂಡತಿ ತೀರಿಹೋಗಿದ್ದಾಳೆ. ಮಗ, ಸೊಸೆ ಜೊತೆಯಲ್ಲೇ ಇದ್ದರೂ ದೂರ. ಸುಮಾರು ಮೂವತ್ತು ವರ್ಷ ಹೆಚ್ಚುಕಡಿಮೆ ಒಂದು ದಿನವೂ ರಜೆ ಹಾಕದೆ ಕಾಗದಗಳಿಗೆ ಮೊಹರು ಒತ್ತುತ್ತಾ ಕೂತವನಿಗೆ ಹೊಟ್ಟೆಯ ಕ್ಯಾನ್ಸರ್ ಇದೆಯೆಂದು ಗೊತ್ತಾಗುತ್ತದೆ. ಮೊದಲು ಕುಡಿದು, ಅಲೆದು, ಹಣ ಚೆಲ್ಲಿ ನೋಡುತ್ತಾನೆ. ಕೆಲಸ ಬಿಟ್ಟುಹೋದ ಕಚೇರಿಯ ಹುಡುಗಿ ಟೊಯೊಳ ನಗುವಿನ ಹಿಂದೆ ಹೋಗುತ್ತಾನೆ. ಅವಳೀಗ ಕಾರ್ಖಾನೆಯಲ್ಲಿ ಮಕ್ಕಳ ಆಟಿಕೆ ಮೊಲಗಳನ್ನು ಮಾಡುತ್ತಿದ್ದಾಳೆ. ನೀವೂ ಏನಾದರೂ ಮಾಡಬಾರದೇ ಎಂಬ ಅವಳ ಮಾತಿನಿಂದ ಅವನಿಗೆ ದಾರಿ ಹೊಳೆಯುತ್ತದೆ. ಬಡ ಕೇರಿಯೊಂದರ ತಾಯಂದಿರು, ಕೊಳಚೆ ನೀರು ನಿಂತು ಸೊಳ್ಳೆ ಕಟ್ಟಿದ ಜಾಗವನ್ನು ಮಕ್ಕಳ ಉದ್ಯಾನ ಮಾಡಿಕೊಡಿ ಎಂದು ಕೊಟ್ಟ ಅರ್ಜಿ ಅವನ ಮೇಜಿನ ಮೇಲೆಯೇ ಇದೆ. ಅದನ್ನು ಮಾಡಿಸಿ ಸಾಯುತ್ತಾನೆ.

ಚಿತ್ರಕತೆಯನ್ನು ಕುರೊಸಾವಾ, ಶಿನೊಬು ಹಶಿಮೊಟೊ ಮತ್ತು ಹಿಡಿಯೊ ಒಗುನಿ ಕೂಡಿ ಬರೆದರು. ಇದರ ಹಿಂದೆ ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ 'ಇವಾನ್ ಇಲ್ಯಿಚ್‌ನ ಸಾವು' ಇದೆ. ಆದರೆ ಟಾಲ್‌ಸ್ಟಾಯ್‌ನ ನ್ಯಾಯಾಧಿಕಾರಿ ಹಾಸಿಗೆಯಲ್ಲಿ ಮಲಗಿ ತನ್ನೊಳಗೆ ಇಳಿಯುತ್ತಾನೆ, ವತಾನಬೆ ಎದ್ದು ಕಚೇರಿಗೆ ಹೋಗುತ್ತಾನೆ. ಇದು ಯಾಕೆ ಹೀಗಾಯಿತು ಎಂದು ಕೇಳಿದರೆ 1952ರ ಜಪಾನಿನ ಚರಿತ್ರೆಯನ್ನು ನೋಡಬೇಕಾಗುತ್ತದೆ.

'ಇಕಿರು' ಬಿಡುಗಡೆಯಾದದ್ದು ಆ ವರ್ಷದ ಅಕ್ಟೋಬರಿನಲ್ಲಿ. ಅದೇ ಏಪ್ರಿಲ್ 28ರಂದು ಅಮೆರಿಕದ ನೇತೃತ್ವದ ಮಿತ್ರಪಡೆಗಳ ಆಕ್ರಮಣಾಡಳಿತ ಮುಗಿದು ಜಪಾನ್ ಮತ್ತೆ ಸ್ವತಂತ್ರವಾಗಿತ್ತು. ಅದಕ್ಕೆ ಮುಂಚಿನ ಸುಮಾರು ಏಳು ವರ್ಷ ಸಿನಿಮಾಗಳು ಆ ಆಡಳಿತದ ಕಣ್ಗಾವಲನ್ನು ದಾಟಿ ಬರಬೇಕಿತ್ತು. ಕುರೊಸಾವಾ 1945ರಲ್ಲಿ ತೆಗೆದ 'ಹುಲಿಯ ಬಾಲ ತುಳಿದವರು' ಜನರ ಮುಂದೆ ಬಂದದ್ದೇ 1952ರಲ್ಲಿ. ಅದೇ ಏಳು ವರ್ಷಗಳಲ್ಲಿ ಪ್ರಜಾಪ್ರಭುತ್ವ ಎಂಬುದು ಮೇಲಿನ ಆಜ್ಞೆಯಾಗಿ ದೇಶಕ್ಕೆ ಇಳಿದಿತ್ತು. 1947ರಲ್ಲಿ ಹೊಸ ಸಂವಿಧಾನ, ಅದೇ ವರ್ಷ ಸ್ಥಳೀಯ ಸ್ವಯಮಾಡಳಿತದ ಕಾನೂನು. ಹೆಂಗಸರು ರಾಷ್ಟ್ರೀಯ ಚುನಾವಣೆಯಲ್ಲಿ ಮೊದಲ ಸಲ ಮತ ಹಾಕಿದ್ದು 1946ರ ಏಪ್ರಿಲ್‌ನಲ್ಲಿ.

ಇದನ್ನು ನೆನಪಿಟ್ಟುಕೊಂಡು ಆ ತಾಯಂದಿರ ದೃಶ್ಯವನ್ನು ನೋಡಬೇಕು. ವತಾನಬೆಯ ವಿಭಾಗ ಇರುವುದೇ ನಾಗರಿಕರ ಅಹವಾಲು ಕೇಳಲು. ನಿಮಗೂ ಆಡಳಿತಕ್ಕೂ ಇದೇ ಕಿಟಕಿ ಎಂಬರ್ಥದ ಫಲಕ ಅಲ್ಲಿದೆ. ಆ ಕಿಟಕಿಯಿಂದ ಹೆಂಗಸರನ್ನು ಲೋಕೋಪಯೋಗಿಗೆ ಕಳಿಸುತ್ತಾರೆ. ಅಲ್ಲಿಂದ ಉದ್ಯಾನಗಳ ವಿಭಾಗಕ್ಕೆ, ಆರೋಗ್ಯಕ್ಕೆ, ನೈರ್ಮಲ್ಯಕ್ಕೆ, ಅಗ್ನಿಶಾಮಕಕ್ಕೆ, ಶಿಕ್ಷಣಕ್ಕೆ, ನಗರಸಭೆಯ ಸದಸ್ಯನ ಬಳಿಗೆ, ಉಪಮೇಯರ್ ಬಳಿಗೆ. ಉಪಮೇಯರ್ ಸೌಜನ್ಯದಿಂದ ನಕ್ಕು ಮೊದಲಿನ ಕಿಟಕಿಗೇ ಕಳಿಸುತ್ತಾನೆ. ಒಂದೊಂದು ಮುಖ ಪರದೆಯಿಂದ ಒರೆಸಿಹೋದಂತೆ ಮಾಯವಾಗಿ ಇನ್ನೊಂದು ಬರುತ್ತದೆ. ನೋಡುವಾಗ ನಗು ಬರುತ್ತದೆ. ಮತದ ಹಕ್ಕು ಬಂದು ಆರೇ ವರ್ಷವಾದ ಹೆಂಗಸರು, ಅವರಿಗಾಗಿಯೇ ತೆರೆದ ಕಿಟಕಿ, ಅದರ ಹಿಂದೆ ಯಾರೂ ಇಲ್ಲ ಎಂದು ಯೋಚಿಸಿದಾಗ ನಗು ನಿಲ್ಲುತ್ತದೆ. ಕುರೊಸಾವಾ ಕೇಳುತ್ತಿದ್ದದ್ದು ಒಬ್ಬನ ಸಾವಿನ ಪ್ರಶ್ನೆಯ ಜೊತೆಗೆ ಇನ್ನೊಂದನ್ನು: ನಮಗೆ ಕೊಟ್ಟಿರುವ ಈ ಪ್ರಜಾಪ್ರಭುತ್ವಕ್ಕೆ ಜೀವ ಇದೆಯೇ? ಪ್ರೇಕ್ಷಕರು ಬೆಳಿಗ್ಗೆ ಅಂಥದೇ ಕಿಟಕಿಯ ಮುಂದೆ ನಿಂತು, ಸಂಜೆ ಚಿತ್ರಮಂದಿರಕ್ಕೆ ಬಂದವರು.

'ಲಿವಿಂಗ್' ಇದನ್ನು 1953ರ ಲಂಡನ್ನಿಗೆ ತಂದಿತು. ನಿರ್ದೇಶಕ ದಕ್ಷಿಣ ಆಫ್ರಿಕಾದ ಆಲಿವರ್ ಹರ್ಮನಸ್. ಚಿತ್ರಕತೆ ಕಜುವೊ ಇಶಿಗುರೊ ಅವರದು. 1954ರಲ್ಲಿ ನಾಗಸಾಕಿಯಲ್ಲಿ ಹುಟ್ಟಿ, ಐದು ವರ್ಷದವರಿದ್ದಾಗ ಇಂಗ್ಲೆಂಡಿಗೆ ಬಂದು, 2017ರಲ್ಲಿ ನೊಬೆಲ್ ಪಡೆದ ಕಾದಂಬರಿಕಾರ. 'ಇಕಿರು' ತೋರಿಸುವ ಜಪಾನ್ ಅವರ ಹೆತ್ತವರ ಜಪಾನ್. 'ಲಿವಿಂಗ್' ತೋರಿಸುವ ಇಂಗ್ಲೆಂಡ್ ಅವರು ಬರುವುದಕ್ಕೆ ಸ್ವಲ್ಪವೇ ಮುಂಚಿನ ಇಂಗ್ಲೆಂಡ್. ತನ್ನ ಭಾವನೆಯನ್ನು ಸಮವಸ್ತ್ರದೊಳಗೆ ಮಡಚಿಟ್ಟ ಬಟ್ಲರ್ ಒಬ್ಬನ ಮೇಲೆ 1989ರಲ್ಲೇ 'ದಿ ರಿಮೇನ್ಸ್ ಆಫ್ ದಿ ಡೇ' ಬರೆದಿದ್ದ ಅವರಿಗೆ ವತಾನಬೆಯನ್ನು ಇಂಗ್ಲಿಷ್ ಜಂಟಲ್‌ಮನ್ ಮಾಡುವುದು ಕಷ್ಟವಾಗಿರಲಾರದು. ಬಿಲ್ ನೈ ಮಾಡಿದ ವಿಲಿಯಮ್ಸ್ ಲಂಡನ್ ಕೌಂಟಿ ಕೌನ್ಸಿಲ್ಲಿನ ಲೋಕೋಪಯೋಗಿ ವಿಭಾಗದ ಮುಖ್ಯಸ್ಥ. ಬೌಲರ್ ಟೋಪಿ, ಪಟ್ಟೆಪಟ್ಟೆ ಸೂಟು, ಕೈಯಲ್ಲಿ ಕೊಡೆ. ಹೆಂಗಸರು ಉದ್ಯಾನ ಕೇಳುವ ಜಾಗ ಇಲ್ಲಿ ಕೊಳಚೆ ಗುಂಡಿಯಲ್ಲ, ಯುದ್ಧದಲ್ಲಿ ಬಾಂಬು ಬಿದ್ದ ಬಯಲು.

ನನ್ನ ಮಟ್ಟಿಗೆ ಎರಡೂ ಚಿತ್ರಗಳ ಸ್ವಭಾವವನ್ನು ಹೇಳಲು ವೈದ್ಯರ ದೃಶ್ಯ ಒಂದೇ ಸಾಕು. ಟೋಕಿಯೋದಲ್ಲಿ ವೈದ್ಯ ಸುಳ್ಳು ಹೇಳುತ್ತಾನೆ. ಸಣ್ಣ ಹುಣ್ಣು ಅಷ್ಟೇ, ಬೇಕಾದ್ದು ತಿನ್ನಿ ಎನ್ನುತ್ತಾನೆ. ಆದರೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ಬಾಯಾಳಿ ರೋಗಿಯೊಬ್ಬ, ಕ್ಯಾನ್ಸರ್ ಆದವರಿಗೆ ವೈದ್ಯರು ಹೀಗೇ ಹೇಳುವುದು ಎಂದು ಆಗಲೇ ತಿಳಿಸಿರುತ್ತಾನೆ. ಸುಳ್ಳಿನ ಒಂದೊಂದು ಮಾತಿಗೂ ವತಾನಬೆಯ ಮುಖ ಕುಸಿಯುತ್ತದೆ. ತಕಾಶಿ ಶಿಮುರಾ ಕಣ್ಣಲ್ಲೇ ಅದನ್ನು ನಟಿಸಿದ್ದಾರೆ. ಇಲ್ಲಿ ವೈದ್ಯನೂ ಒಂದು ಕಚೇರಿ, ಅವನ ಕಿಟಕಿಯೂ ಮುಚ್ಚಿದೆ. ಲಂಡನ್ನಿನ ವೈದ್ಯ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳುತ್ತಾನೆ. ಇಂಥದ್ದನ್ನು ಹೇಳುವುದು ಸುಲಭವಲ್ಲ ಎಂದೂ ಸೇರಿಸುತ್ತಾನೆ. ವಿಲಿಯಮ್ಸ್ ಒಂದೇ ಪದದಲ್ಲಿ ಹೌದೆನ್ನುತ್ತಾನೆ. ವೈದ್ಯನ ಮುಜುಗರವನ್ನು ರೋಗಿಯೇ ಕಡಿಮೆ ಮಾಡುವ ಆ ಸಭ್ಯತೆ ನೋಡಿ ನನಗೆ ಗಂಟಲು ಕಟ್ಟಿತು. ಅದು ಇಶಿಗುರೊ ಅವರ ಗೆಲುವು. ಜೊತೆಗೆ, ಸಾಯುತ್ತಿರುವವನಿಗೂ ವ್ಯವಸ್ಥೆಗೂ ಇದ್ದ ಜಗಳ ಅಲ್ಲಿಂದ ಹೊರಟುಹೋಯಿತು.

ಹಾಡುಗಳ ವಿಷಯವೂ ಹೀಗೇ. ವತಾನಬೆ ಹಾಡುವ 'ಗೊಂಡೊಲಾ ನೊ ಉತಾ' 1915ರದ್ದು, ಅವನ ಹರೆಯದ ಕಾಲದ ಹಾಡು. ಆಯುಷ್ಯ ಚಿಕ್ಕದು, ಈಗಲೇ ಪ್ರೀತಿಸು ಎಂದು ತರುಣಿಗೆ ಒತ್ತಾಯಿಸುವ ಹಾಡು ಅದು. ಹಾಡು ಹಳೆಯದಾದರೂ ಅದರೊಳಗಿನ ಮಾತು ಈ ಕ್ಷಣದ್ದು. ಬಾರಿನಲ್ಲಿ ಅವನು ಅದನ್ನು ಹಾಡತೊಡಗಿದಾಗ ಪಕ್ಕದವರು ಹೆದರಿ ಸರಿಯುತ್ತಾರೆ. ವಿಲಿಯಮ್ಸ್ ಹಾಡುವುದು 'ದಿ ರೋವನ್ ಟ್ರೀ' ಎಂಬ ಸ್ಕಾಟಿಷ್ ಹಾಡನ್ನು. ಅದು ಮನೆಯ ಮುಂದಿನ ಮರ, ಬಾಲ್ಯ, ತಾಯಿತಂದೆಯರ ನೆನಪು. ಒಂದು ಹಾಡು ಎಬ್ಬಿಸುತ್ತದೆ, ಇನ್ನೊಂದು ಹಿಂದಕ್ಕೆ ತಿರುಗಿ ನೋಡುತ್ತದೆ.

ದೊಡ್ಡ ವ್ಯತ್ಯಾಸ ಇರುವುದು ಸಾವಿನ ನಂತರ. 'ಇಕಿರು' 143 ನಿಮಿಷಗಳ ಚಿತ್ರ. ಅದರ ಸುಮಾರು ಮೂರನೆಯ ಒಂದು ಭಾಗ ವತಾನಬೆ ಸತ್ತ ಮೇಲೆ ನಡೆಯುತ್ತದೆ, ಅದೂ ಬಹುಪಾಲು ಒಂದೇ ಕೋಣೆಯಲ್ಲಿ. ಶವಸಂಸ್ಕಾರಕ್ಕೆ ಮುಂಚಿನ ಜಾಗರಣೆ. ಸತ್ತವನ ಫೋಟೋ, ಅದರ ಮುಂದೆ ಸಾಲಾಗಿ ಕೂತ ಅಧಿಕಾರಿಗಳು. ಉದ್ಯಾನದ ಕೀರ್ತಿಯನ್ನು ಉಪಮೇಯರ್ ಆಗಲೇ ತೆಗೆದುಕೊಂಡಿದ್ದಾನೆ. ಉಳಿದವರು ತಲೆಯಾಡಿಸುತ್ತಿದ್ದಾರೆ. ಅಷ್ಟರಲ್ಲಿ ಕೇರಿಯ ಹೆಂಗಸರು ಬಂದು, ಯಾರೊಂದಿಗೂ ಮಾತಾಡದೆ ಧೂಪ ಹಚ್ಚಿ, ಬಿಕ್ಕಿ ಅತ್ತು ಹೋಗುತ್ತಾರೆ. ಉಪಮೇಯರ್ ಕೂರಲಾರದೆ ಎದ್ದು ಹೋದ ಮೇಲೆ ಗುಮಾಸ್ತರು ಕುಡಿಯತೊಡಗುತ್ತಾರೆ, ಒಬ್ಬೊಬ್ಬರೂ ಕಂಡದ್ದನ್ನು ಹೇಳುತ್ತಾರೆ. ಅವನು ಪ್ರತಿ ವಿಭಾಗದ ಬಾಗಿಲಲ್ಲೂ ತಲೆಬಾಗಿ ನಿಂತದ್ದು, ಆ ಜಾಗದ ಮೇಲೆ ಕಣ್ಣಿಟ್ಟ ಗೂಂಡಾಗಳು ಬೆದರಿಸಿದರೂ ಕದಲದೆ ಇದ್ದದ್ದು. 1950ರ 'ರಾಶೋಮನ್'ನಲ್ಲಿ ಸಾಕ್ಷಿಗಳು ಹೆಚ್ಚಾದಷ್ಟೂ ಸತ್ಯ ಚದುರಿಹೋಗಿತ್ತು. ಇಲ್ಲಿ ಕುಡುಕ ಗುಮಾಸ್ತರ ಸಾಕ್ಷ್ಯಗಳು ಕೂಡಿಕೊಂಡು ಸತ್ಯ ತಾನಾಗಿ ಎದ್ದು ನಿಲ್ಲುತ್ತದೆ. ನಾವೂ ಇನ್ನು ಹೀಗೇ ಕೆಲಸ ಮಾಡೋಣ ಎಂದು ಅವರೆಲ್ಲ ಅಳುತ್ತಾ ಆಣೆ ಹಾಕುತ್ತಾರೆ. ಮರುದಿನ ಕಚೇರಿಯಲ್ಲಿ ಮತ್ತೊಂದು ಅರ್ಜಿ ಬರುತ್ತದೆ. ಹೊಸ ಮುಖ್ಯಸ್ಥ ಅದನ್ನು ಬೇರೆ ವಿಭಾಗಕ್ಕೆ ಕಳಿಸಿ ಎನ್ನುತ್ತಾನೆ. ಕಿಮುರಾ ಎಂಬ ಗುಮಾಸ್ತ ಕುರ್ಚಿ ತಳ್ಳಿ ಎದ್ದು ನಿಲ್ಲುತ್ತಾನೆ. ಯಾರೂ ಕದಲುವುದಿಲ್ಲ. ಅವನು ನಿಧಾನ ಕೂರುತ್ತಾನೆ, ಕಾಗದದ ರಾಶಿಗಳ ಹಿಂದೆ ಮುಳುಗಿಹೋಗುತ್ತಾನೆ.

102 ನಿಮಿಷಗಳ 'ಲಿವಿಂಗ್' ಈ ರಚನೆಯನ್ನು ಉಳಿಸಿಕೊಂಡೂ ಅದರ ಕಾವನ್ನು ಇಳಿಸುತ್ತದೆ. ಜಾಗರಣೆಯ ಜಾಗದಲ್ಲಿ ಅಂತ್ಯಕ್ರಿಯೆಯಿಂದ ಮರಳುವ ರೈಲು ಡಬ್ಬಿಯ ಸಂಯಮದ ಸಂಭಾಷಣೆ ಬರುತ್ತದೆ. ಗೂಂಡಾಗಳಿಲ್ಲ. ಆಣೆ ಹಾಕಿ ಮರೆಯುವುದು ಇಲ್ಲೂ ಇದೆ, ಆದರೆ ಚಿತ್ರ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬದಲಿಗೆ ಇಶಿಗುರೊ ಎರಡು ಹೊಸ ಸಂಗತಿಗಳನ್ನು ತಂದಿದ್ದಾರೆ. ಒಂದು, ಹೊಸದಾಗಿ ಕೆಲಸಕ್ಕೆ ಸೇರಿದ ಪೀಟರ್ ವೇಕ್ಲಿಂಗ್. ಹೆಂಗಸರ ಜೊತೆ ಮೆಟ್ಟಿಲು ಹತ್ತಿ ಇಳಿಯುವವನು ಅವನೇ. ಟೊಯೊಳ ಸ್ಥಾನದಲ್ಲಿರುವ ಮಾರ್ಗರೆಟ್‌ಗೂ ಅವನಿಗೂ ಪ್ರೀತಿ ಬೆಳೆಯುತ್ತದೆ. ಇನ್ನೊಂದು, ವಿಲಿಯಮ್ಸ್ ಅವನಿಗೆ ಬರೆದಿಟ್ಟು ಹೋದ ಪತ್ರ. ನಾವು ಮಾಡಿದ್ದು ಸಣ್ಣದು. ಮುಂದೆ ಅದು ಪಾಳುಬೀಳಬಹುದು, ಅದರ ಜಾಗಕ್ಕೆ ಬೇರೇನೋ ಬರಬಹುದು. ನಿನಗೆ ಬೇಸರವಾದಾಗ ಅದನ್ನು ಮುಗಿಸಿದ ದಿನದ ತೃಪ್ತಿಯನ್ನು ನೆನೆಸಿಕೋ. ಪತ್ರದ ತಾತ್ಪರ್ಯ ಇಷ್ಟು. ಸ್ಮಾರಕದ ಆಸೆಯನ್ನೂ ಕೈಬಿಟ್ಟ ಈ ಮಾತು ಮೂಲ ಚಿತ್ರದಲ್ಲಿ ಇಲ್ಲ. ಇದು ಸೇರಿದ್ದಕ್ಕೆ ನನಗೆ ಸಂತೋಷವಿದೆ. ನೈ ಅವರಿಗೂ ಇಶಿಗುರೊ ಅವರಿಗೂ ಬಂದ ಆಸ್ಕರ್ ನಾಮನಿರ್ದೇಶನಗಳು ಸಲ್ಲಬೇಕಾದವರಿಗೇ ಸಂದವು.

ಆದರೆ ವತಾನಬೆ ಯಾರಿಗೂ ಪತ್ರ ಬರೆಯಲಿಲ್ಲ. ಅವನನ್ನು ಅರ್ಥಮಾಡಿಕೊಳ್ಳುವ ಹೊಣೆಯನ್ನು ಕುರೊಸಾವಾ ಬದುಕಿರುವವರ ಮೇಲೆ ಹೊರಿಸಿದರು. ಅವರು ಅರ್ಥಮಾಡಿಕೊಂಡರು, ಆದರೂ ಬದಲಾಗಲಿಲ್ಲ. ಪತ್ರ ಆ ಹೊಣೆಯನ್ನು ಹಗುರಮಾಡುತ್ತದೆ. ಸತ್ತವನೇ ಬಂದು ಅರ್ಥ ಹೇಳಿ, ಸಮಾಧಾನಪಡಿಸಿ ಹೋಗುತ್ತಾನೆ. ಸಂಸ್ಥೆಯ ಪ್ರಶ್ನೆ ಒಬ್ಬ ಒಳ್ಳೆಯ ಯುವಕನ ಮನಸ್ಸಿನ ಪ್ರಶ್ನೆಯಾಗುತ್ತದೆ.

ಇದಕ್ಕೆ ಕಾರಣ ಇಶಿಗುರೊ ಅವರ ಮೃದುತ್ವ ಒಂದೇ ಅಲ್ಲ. 'ಇಕಿರು' ಬಂದಾಗ ಅದು ಸಮಕಾಲೀನ ಚಿತ್ರ. 'ಲಿವಿಂಗ್' ಹುಟ್ಟುವಾಗಲೇ ಐತಿಹಾಸಿಕ ಚಿತ್ರ. ಅದರ ಮೊದಲ ದೃಶ್ಯಗಳೇ ಹಳೆಯ ಲಂಡನ್ನಿನ ಬಣ್ಣದ ತುಣುಕುಗಳು. ಅಕ್ಷರಗಳ ವಿನ್ಯಾಸವೂ ಅಂದಿನ ಸಿನಿಮಾಗಳದ್ದು. ಆ ಟೋಪಿಗಳು ಈಗಿಲ್ಲ, ಆ ಕೌಂಟಿ ಕೌನ್ಸಿಲ್ 1965ರಲ್ಲೇ ರದ್ದಾಯಿತು. 2022ರ ಪ್ರೇಕ್ಷಕರು ಅಲ್ಲಿನ ಫೈಲುಗಳ ರಾಶಿಯನ್ನು ಕಂಡು ನಿಟ್ಟುಸಿರಿಡಬಹುದು, ಆ ಸೂಟಿನ ಅಂದವನ್ನೂ ಮೆಚ್ಚಬಹುದು. ತಪ್ಪಿತಸ್ಥರೆಲ್ಲ ಸತ್ತುಹೋಗಿದ್ದಾರೆ. 1952ರ ಟೋಕಿಯೋದಲ್ಲಿ ತಪ್ಪಿತಸ್ಥರು ಅದೇ ಚಿತ್ರಮಂದಿರದ ಮುಂದಿನ ಸಾಲಿನಲ್ಲಿ ಕೂತಿದ್ದಿರಬಹುದು. ಕುರೊಸಾವಾ ಚಿತ್ರಗಳಿಗೆ ಹೊಸ ವೇಷ ತೊಡಿಸಿದ್ದು ಹೊಸದೇನಲ್ಲ. 1954ರ 'ಸೆವೆನ್ ಸಮುರಾಯ್' 1960ರಲ್ಲಿ ಕುದುರೆ ಹತ್ತಿ 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' ಆಯಿತು. ಆದರೆ ಮೂಲವೇ ಹಳೆಯ ಕಾಲದ ಕತೆಯಾದ್ದರಿಂದ ಅಲ್ಲಿ ಹಳತು ಹಳತಿಗೆ ಬದಲಾಯಿತು. 'ಇಕಿರು'ವಿನಲ್ಲಿ ಹಾಗಲ್ಲ. ಅದರ 'ಇಂದು' ಎಂಬುದನ್ನು 'ಅಂದು' ಮಾಡಿದರೆ ಕತೆ ಉಳಿದರೂ ಆರೋಪ ಉಳಿಯುವುದಿಲ್ಲ.

ಕನ್ನಡದ ಪ್ರೇಕ್ಷಕರಿಗೆ ಈ ವ್ಯತ್ಯಾಸ ಬೇಗ ತಾಗುತ್ತದೆ ಎಂದು ನನಗನ್ನಿಸುತ್ತದೆ. 'ಸಾಹೇಬರಿಲ್ಲ, ನಾಳೆ ಬನ್ನಿ' ಎಂಬ ಮಾತು ನಮಗೆ ಇತಿಹಾಸವಾಗಿಲ್ಲ. ಸರ್ಕಾರಿ ಸೇವೆಗಳಿಗೆ ಗಡುವು ಹಾಕಿ, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಎಂದು ಲೆಕ್ಕ ಬರೆದ 'ಸಕಾಲ' ಕಾಯ್ದೆಯನ್ನು ಕರ್ನಾಟಕ 2011ರಲ್ಲಿ ತರಬೇಕಾಯಿತು. ಕಾಯ್ದೆಯೊಂದು ಬೇಕಾಯಿತೆಂಬುದೇ ಆ ಕಿಟಕಿಯ ಕತೆಯನ್ನು ಹೇಳುತ್ತದೆ.

ವಿದ್ಯಾರ್ಥಿಗಳು ಕೇಳಿದರೆ ಎರಡನ್ನೂ ನೋಡಿ ಎನ್ನುತ್ತೇನೆ, 'ಲಿವಿಂಗ್' ಮೊದಲು, 'ಇಕಿರು' ಆಮೇಲೆ. ಎರಡರಲ್ಲೂ ಮುದುಕನೊಬ್ಬ ಹಿಮ ಬೀಳುವ ರಾತ್ರಿಯಲ್ಲಿ, ತಾನು ಕಟ್ಟಿಸಿದ ಉದ್ಯಾನದ ಉಯ್ಯಾಲೆಯ ಮೇಲೆ ಕೂತು ಮೆಲ್ಲಗೆ ಹಾಡುತ್ತಾನೆ. ಲಂಡನ್ನಿನ ಉಯ್ಯಾಲೆಯನ್ನು ನೋಡಿ ಕಣ್ಣೊರೆಸಿಕೊಂಡು ಏಳಬಹುದು. ಟೋಕಿಯೋದಲ್ಲಿ ಉಯ್ಯಾಲೆಯ ನಂತರ ಮರುದಿನದ ಕಚೇರಿ ಇದೆ, ಕಿಮುರಾನ ಖಾಲಿ ಕುರ್ಚಿ ಒಂದು ಕ್ಷಣ ಕಾಣುತ್ತದೆ. ಅವನು ಮತ್ತೆ ಕೂತನಲ್ಲ ಎಂದು ನಮಗೆ ಸಿಟ್ಟು ಬರುತ್ತದೆ. ಸಂಜೆ ಅವನು ಮನೆಗೆ ಹೋಗುವ ದಾರಿಯಲ್ಲಿ ಸೇತುವೆಯ ಮೇಲೆ ನಿಂತು ಕೆಳಗೆ ಆಡುವ ಮಕ್ಕಳನ್ನು ನೋಡುತ್ತಾನೆ. ನಾಳೆ ಅವನು ಎದ್ದು ನಿಂತರೆ ಕೂರದೆ ಇರುತ್ತಾನೋ ಏನೋ, ಸಿನಿಮಾ ಹೇಳುವುದಿಲ್ಲ.