ಕೊಚ್ಚಿಯ ನಗೆಯೂ ತಿರುವನಂತಪುರದ ಕಡತವೂ

ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ತಪ್ಪದೆ ಬರುವ ಸದಸ್ಯರಿಗೆ ಒಂದು ಸಂಗತಿ ಗೊತ್ತೇ ಇದೆ. ಗಂಭೀರ ನಾಟಕ ಎಷ್ಟೇ ಸೊಗಸಾಗಿರಲಿ, ಸಭೆ ನಿಜವಾಗಿ ಎಚ್ಚರಗೊಳ್ಳುವುದು ಮೀಸೆ ಬೋಳಿಸಿದ ಗಂಡಸೊಬ್ಬ ಸೀರೆಯುಟ್ಟು ಸೊಂಟ ಬಳುಕಿಸುತ್ತ ರಂಗಕ್ಕೆ ಬಂದಾಗ. ಮುಂದಿನ ಸಾಲಿನಲ್ಲಿ ಕುಳಿತು ಹೊಟ್ಟೆ ಹುಣ್ಣಾಗುವಂತೆ ನಕ್ಕವರಲ್ಲಿ ನಾವೂ ಒಬ್ಬರು. ಈ ನಗೆ ಎಲ್ಲಿಂದ ಬಂತು, ಯಾರ ಮೇಲೆ ಬಿತ್ತು ಎಂದು ಎಂದೂ ವಿಚಾರಿಸಿದವರಲ್ಲ. ನೆರೆಯ ಕೇರಳದಲ್ಲಿ ಒಂದು ಹಾಸ್ಯಚಿತ್ರಕ್ಕೆ ಒದಗಿದ ಗತಿಯನ್ನು ತಿಳಿದ ಮೇಲೆ ಹಾಗೆ ವಿಚಾರಿಸದೆ ಇರಲಾಗಲಿಲ್ಲ.

ಆ ಚಿತ್ರದ ಹೆಸರು 'ಚಾಂತುಪೊಟ್ಟು'. ನಮ್ಮ ಅಜ್ಜಿಯರು ಹಣೆಗಿಡುತ್ತಿದ್ದ ಸಾದಿನ ಬೊಟ್ಟೇ ಅಲ್ಲಿಯ ಚಾಂತುಪೊಟ್ಟು. 2005ರಲ್ಲಿ ತೆರೆಕಂಡ ಇದರ ನಿರ್ದೇಶಕರು ಲಾಲ್ ಜೋಸ್, ಕಥೆ ಬರೆದವರು ಬೆನ್ನಿ ಪಿ. ನಾಯರಂಬಲಂ, ಸಂಗೀತ ವಿದ್ಯಾಸಾಗರ್ ಅವರದು. ಕಡಲ ದಂಡೆಯ ಬೆಸ್ತರ ಊರು. ಮೊಮ್ಮಗಳು ಬೇಕೆಂದು ಹಂಬಲಿಸಿದ ಅಜ್ಜಿಯೊಬ್ಬಳು, ಹುಟ್ಟಿದ ಮೊಮ್ಮಗ ರಾಧಾಕೃಷ್ಣನನ್ನು 'ರಾಧೆ' ಮಾಡಿ ಬೆಳೆಸುತ್ತಾಳೆ. ಹುಡುಗ ಬೊಟ್ಟು, ಕಾಡಿಗೆ, ಕುಣಿತಗಳಲ್ಲಿಯೇ ದೊಡ್ಡವನಾಗಿ ಊರಿನ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುತ್ತಾನೆ. ಅವನ ನಡಿಗೆಯನ್ನು ಊರೆಲ್ಲ ಆಡಿಕೊಳ್ಳುತ್ತದೆ. ಬಾಲ್ಯದ ಗೆಳತಿ ಮಾಲುವಿನ ಮೇಲೆ ಅವನಿಗೆ ಪ್ರೇಮ. ಅದು ತಿಳಿದಾಗ ಪೆಟ್ಟು ತಿಂದು ಊರನ್ನೇ ಬಿಡಬೇಕಾಗುತ್ತದೆ. ಕೊನೆಗೆ ಮರಳಿ ಬಂದು, 'ಗಂಡಸಾಗಿ' ವೈರಿಯನ್ನು ಬಡಿದು, ಮಾಲುವನ್ನು ಪಡೆದು, ಮಗುವಿನ ತಂದೆಯಾಗುತ್ತಾನೆ. ರಾಧೆಯಾಗಿ ನಟಿಸಿದವರು ದಿಲೀಪ್. ಚಿತ್ರಕ್ಕೆ ಜನ ಮುಗಿಬಿದ್ದರು.

ಈ ನಗೆ ಹುಟ್ಟಿದ ಜಾಗವನ್ನು ತಿಳಿಯಬೇಕಾದರೆ ಕೊಚ್ಚಿಗೆ ಹೋಗಬೇಕು. ಆಬೇಲ್ ಎಂಬ ಪಾದ್ರಿಯವರು 1969ರಲ್ಲಿ ಅಲ್ಲಿ ಕಲಾಭವನವೆಂಬ ಸಂಸ್ಥೆ ಕಟ್ಟಿದರು. 1981ರಲ್ಲಿ ಅದರ ಕೆಲವು ಹುಡುಗರು 'ಮಿಮಿಕ್ಸ್ ಪರೇಡ್' ಎಂಬ ಹೊಸ ಬಗೆಯ ಕಾರ್ಯಕ್ರಮವನ್ನು ಎರ್ನಾಕುಲಂನಲ್ಲಿ ಆಡಿತೋರಿಸಿದರು. ಹಾವಭಾವ, ದನಿ, ನಡೆ ಎಲ್ಲವನ್ನೂ ಅಣಕಿಸುವ ಆಟ. ಆ ತಂಡದಲ್ಲಿದ್ದ ಲಾಲ್ ಅವರೇ ಮುಂದೆ 'ಚಾಂತುಪೊಟ್ಟು'ವಿನ ನಿರ್ಮಾಪಕರಾದರು, ಅದರಲ್ಲಿ ಪಾತ್ರವನ್ನೂ ವಹಿಸಿದರು. ಕೊಚ್ಚಿಗೆ ಹತ್ತಿರದ ಆಲುವಾದ ದಿಲೀಪ್ ಕೂಡ ಅಣಕಿನ ರಂಗದಿಂದಲೇ ಚಿತ್ರಕ್ಕೆ ಬಂದವರು. ಅಣಕಿಸುವವನಿಗೆ ಬೇಕಾದದ್ದು ಎಲ್ಲರಿಗೂ ಕೂಡಲೇ ಗುರುತು ಸಿಗುವ ಒಂದು ವಕ್ರತೆ. ಕುಡುಕ, ತೊದಲುವವನು, ಜಿಪುಣ, ಹೆಣ್ಣಿಗ. ಕುಡುಕನ ಅಮಲು ಬೆಳಗಾಗುವುದರೊಳಗೆ ಇಳಿಯುತ್ತದೆ. ಹೆಣ್ಣಿಗನೆನ್ನಿಸಿಕೊಂಡವನು ಮರುದಿನವೂ ಅದೇ ನಡಿಗೆಯಲ್ಲಿ ಶಾಲೆಗೋ ಕಚೇರಿಗೋ ಹೋಗಬೇಕು.

ಹಾಗೆಂದು ಗಂಡಸು ಹೆಣ್ಣಾಗುವುದನ್ನು ನಮ್ಮ ನಾಡುಗಳು ಯಾವಾಗಲೂ ನಕ್ಕು ನೋಡಿದವೇ? ಇಲ್ಲವೆಂಬುದು ಚರಿತ್ರೆ ಬಲ್ಲವರಿಗೆ ಗೊತ್ತು. ಬಾಲಗಂಧರ್ವರ ಸೀರೆಯ ಧಾಟಿಯನ್ನು ಮನೆತನಸ್ಥ ಹೆಂಗಸರು ಅನುಸರಿಸಿದರು. ಕುಂಬಳೆಯ ಸೀಮೆಯ ಯಕ್ಷಗಾನ ಬಯಲಾಟದಲ್ಲಿ ಸ್ತ್ರೀವೇಷಧಾರಿಗೆ ಸಿಕ್ಕಿದ ಮನ್ನಣೆಯನ್ನು ನಮ್ಮ ಕಾಸರಗೋಡಿನ ಸದಸ್ಯರೇ ವರ್ಣಿಸಬಲ್ಲರು. ಮಲಯಾಳದಲ್ಲಿ ಕುಮಾರನ್ ಆಶಾನರ ಕಾವ್ಯದಿಂದ ಬಂದ 'ಕರುಣ' ಸಂಗೀತ ನಾಟಕದ ವಾಸವದತ್ತೆಯಾಗಿ ಓಚಿರ ವೇಲುಕುಟ್ಟಿ ಮನೆಮಾತಾದರು. ಕಥಕಳಿಯಲ್ಲಿ ಕೋಟ್ಟಕ್ಕಲ್ ಶಿವರಾಮನ್ ಅವರ ದಮಯಂತಿಯನ್ನು ಕಂಡು ಯಾರೂ ಕಿಸಕ್ಕೆಂದವರಲ್ಲ. ಇನ್ನು, ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋಗುವ ದಾರಿಯಲ್ಲಿ ಕೊಲ್ಲಂಗೆ ಮುಂಚೆ ಚವರ ಎಂಬ ಊರಿದೆ. ಅಲ್ಲಿಯ ಕೊಟ್ಟಾನ್‌ಕುಳಂಗರ ದೇವಿಯ ಗುಡಿಯಲ್ಲಿ ಪ್ರತಿವರ್ಷ ಮೀನ ಮಾಸದಲ್ಲಿ ಚಮಯವಿಳಕ್ಕು ಉತ್ಸವ. ಹರಕೆ ಹೊತ್ತ ಗಂಡಸರು ಸೀರೆ, ಬಳೆ, ಮಲ್ಲಿಗೆಗಳಿಂದ ಸಿಂಗರಿಸಿಕೊಂಡು, ದೀಪ ಹಿಡಿದು ಇರುಳೆಲ್ಲ ದೇವಿಗಾಗಿ ನಿಲ್ಲುತ್ತಾರೆ. ಮನೆಯವರೇ ಜೊತೆಗೆ ಬಂದು ಸೆರಗು ಸರಿಮಾಡುತ್ತಾರೆ.

ನಮಗೆ ತೋರುವುದಿಷ್ಟು: ಗಂಡಸು ಪೂರ್ತಿ ಹೆಣ್ಣಾದರೆ ನಾವು ಕೈಮುಗಿಯುತ್ತೇವೆ. ಕೆಲಸ ಸಾಧಿಸಲು ಹಾಕಿದ ಸುಳ್ಳು ವೇಷವಾದರೆ, ತಮಿಳಿನ 'ಅವ್ವೈ ಷಣ್ಮುಗಿ'ಯಂತೆ (1996), ದಿಲೀಪರದೇ 'ಮಾಯಾಮೋಹಿನಿ'ಯಂತೆ (2012), ಚಪ್ಪಾಳೆ ತಟ್ಟುತ್ತೇವೆ. ವೇಷವೂ ಅಲ್ಲದೆ, ಹರಕೆಯೂ ಅಲ್ಲದೆ, ಒಬ್ಬ ತಾನಿರುವುದೇ ಹೀಗೆಂದರೆ ಮಾತ್ರ ಹಲ್ಲು ಕಿಸಿಯುತ್ತೇವೆ. 'ಚಾಂತುಪೊಟ್ಟು' ಈ ಮೂರನೆಯ ಜಾಗಕ್ಕೆ ಕೈಹಾಕಿತು. ಧೈರ್ಯವೇ ಸರಿ. ರಾಧೆಯ ಮೇಲೆ ಚಿತ್ರಕ್ಕೆ ಮಮತೆಯಿಲ್ಲವೆಂದು ಹೇಳಲಾಗದು. ಆದರೆ ಮುಕ್ಕಾಲು ಪಾಲು ಅವನ ನಡಿಗೆಗೆ ನಗಿಸಿ, ಉಳಿದ ಕಾಲು ಪಾಲಿನಲ್ಲಿ ಆ ನಡಿಗೆಯನ್ನೇ ಬಿಡಿಸಿ ಗೆಲ್ಲಿಸಿತು.

ಮುಂದಿನದು ಚಿತ್ರಮಂದಿರದ ಹೊರಗಿನ ಕಥೆ. ಅಲ್ಲಿಯತನಕ ಇಂಥವರನ್ನು ಹೀಗಳೆಯಲು ಮಲಯಾಳಿಗಳಿಗೆ 'ಒಂಬತ್ತು' ಎಂಬ ಮಾತಿತ್ತು. ನಮ್ಮಲ್ಲಿಯೂ ಇದೆ, ಸುಮ್ಮನೆ ಮುಖ ತಿರುಗಿಸಬೇಕಾಗಿಲ್ಲ. 2005ರ ಬಳಿಕ ಅದಕ್ಕಿಂತ ಮುದ್ದಾದ, ಹಾಡಿನಂಥ ಒಂದು ಬೈಗುಳ ಸಿಕ್ಕಿತು. ಮೆಲುದನಿಯ ಹುಡುಗ, ಕೈ ತಿರುಗಿಸಿ ಮಾತಾಡುವ ಹುಡುಗ, ಎಲ್ಲರೂ 'ಚಾಂತುಪೊಟ್ಟು' ಆದರು. ಹನ್ನೆರಡು ವರ್ಷ ಈ ಮಾತು ಶಾಲೆಯ ಅಂಗಳಗಳಲ್ಲಿ, ಬಸ್ಸುಗಳಲ್ಲಿ ಓಡಾಡಿತು. 2017ರಲ್ಲಿ ಒಬ್ಬ ತರುಣ, ಆ ಚಿತ್ರ ಬಂದ ಮೇಲೆ ತನ್ನ ಶಾಲೆಯ ದಿನಗಳು ಹೇಗೆ ನರಕವಾದುವೆಂದು ಬಹಿರಂಗವಾಗಿ ಬರೆದುಕೊಂಡ. ಅದನ್ನು ಓದಿ ನಟಿ ಪಾರ್ವತಿ ಚಿತ್ರರಂಗದ ಪರವಾಗಿ ಕ್ಷಮೆ ಕೇಳಿದರು. ಅವರು ಆ ಚಿತ್ರದಲ್ಲಿ ನಟಿಸಿದವರಲ್ಲ ಎಂಬುದನ್ನು ಗಮನಿಸಬೇಕು. ಲಾಲ್ ಜೋಸರ ಸಮಾಧಾನ ಬೇರೆ: ರಾಧೆ ಗಂಡಸೇ, ಹೆಣ್ಣನ್ನು ಪ್ರೀತಿಸಿದವನು, ನಡೆನುಡಿ ಮಾತ್ರ ಹೆಣ್ಣಿನದು, ಲಿಂಗತ್ವ ಅಲ್ಪಸಂಖ್ಯಾತರನ್ನು ತಾವು ಹಾಸ್ಯ ಮಾಡಿಲ್ಲ. ಕಥೆಯ ಮಟ್ಟಿಗೆ ಇದು ನಿಜ. ಆದರೆ ಬಸ್ಸಿನಲ್ಲಿ ಬೈದವರು ಕಥೆಯನ್ನು ಅಷ್ಟು ಸೂಕ್ಷ್ಮವಾಗಿ ನೆನಪಿಟ್ಟುಕೊಂಡಿರಲಿಲ್ಲ.

ಇದೇ ಮಲಯಾಳದಲ್ಲಿ ಇದಕ್ಕೂ ಹಿಂದೆ ನಗಿಸದೆಯೇ ಈ ವಿಷಯವನ್ನು ಮುಟ್ಟಿದ ಚಿತ್ರಗಳಿದ್ದವು: ಮೋಹನ್ ಅವರ 'ರಂಡು ಪೆಣ್‌ಕುಟ್ಟಿಗಳ್' (1978), ಪದ್ಮರಾಜನ್ ಅವರ 'ದೇಶಾಡನಕ್ಕಿಳಿ ಕರಯಾರಿಲ್ಲ' (1986), ಲಿಜಿ ಪುಲ್ಲಪ್ಪಳ್ಳಿಯವರ 'ಸಂಚಾರಂ' (2004). ಮೂರೂ ಹುಡುಗಿಯರ ಕಥೆಗಳು. ನಗೆಯೆಲ್ಲ ಗಂಡಸರ ಪಾಲಿಗೇ ಏಕೆ ಬಂತೆಂಬುದು ಬೇರೆಯೇ ಲೇಖನವಾದೀತು.

ನಗೆಯ ಕಾರ್ಖಾನೆ ಕೊಚ್ಚಿಯಾದರೆ ಕಡತಗಳ ಊರು ತಿರುವನಂತಪುರ. 2014ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳ ಹಕ್ಕನ್ನು ಎತ್ತಿಹಿಡಿದ ಮೇಲೆ, 2015ರ ನವೆಂಬರಿನಲ್ಲಿ ಕೇರಳ ಸರಕಾರ ಅವರಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿತು. ದೇಶದ ರಾಜ್ಯಗಳಲ್ಲಿ ಅದೇ ಮೊದಲು. ಕರ್ನಾಟಕದ ನೀತಿ ಬಂದದ್ದು 2017ರಲ್ಲಿ. ಅದೇ 2017ರ ಜೂನಿನಲ್ಲಿ ಕೊಚ್ಚಿಯ ಮೆಟ್ರೋ ರೈಲು ಆರಂಭವಾದಾಗ 23 ಮಂದಿ ತೃತೀಯ ಲಿಂಗಿಗಳಿಗೆ ಕೆಲಸ ಕೊಟ್ಟರು. ಪತ್ರಿಕೆಗಳೆಲ್ಲ ಹೊಗಳಿದವು. ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಕಾರಣವೇನೆಂದರೆ, ಟಿಕೆಟ್ ಕೊಡುವ ಕೈಯಿಂದ ಟಿಕೆಟ್ ಪಡೆದ ಅದೇ ಊರಿನಲ್ಲಿ ಅವರಿಗೆ ಬಾಡಿಗೆಗೆ ಕೋಣೆ ಸಿಗಲಿಲ್ಲ, ಸಿಕ್ಕ ಕೋಣೆಗೆ ಕೇಳಿದ ಬಾಡಿಗೆ ಸಂಬಳಕ್ಕೆ ನಿಲುಕಲಿಲ್ಲ. ಕಡತ ಎಷ್ಟೇ ಚೆನ್ನಾಗಿ ಬರೆದಿರಲಿ, ಮನೆಯ ಬೀಗದ ಕೈ ಇರುವುದು ಸಭೆಯಲ್ಲಿ ಕುಳಿತು ನಕ್ಕವರ ಬಳಿ.

ಆದರೂ ನಗೆ ನಿಧಾನವಾಗಿ ಮಗ್ಗುಲು ಬದಲಿಸಿತು. 2018ರಲ್ಲಿ ರಂಜಿತ್ ಶಂಕರ್ 'ಞಾನ್ ಮೇರಿಕ್ಕುಟ್ಟಿ'ಯನ್ನು ಮಾಡಿದರು. ಸಣ್ಣ ಊರೊಂದರಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಬೇಕೆಂದು ಹೊರಟ ಟ್ರಾನ್ಸ್ ಮಹಿಳೆಯ ಕಥೆ. ಇಲ್ಲಿಯೂ ತಮಾಷೆಯುಂಟು, ಪೆಟ್ಟು ಬೀಳುವುದು ಮೇರಿಕ್ಕುಟ್ಟಿಯ ಮೇಲಲ್ಲ, ಅವಳನ್ನು ಕಾಡುವವರ ಮೇಲೆ. ನಟಿಸಿದ ಜಯಸೂರ್ಯ ಕೂಡ ಕೊಚ್ಚಿಯ ಅಣಕಿನ ರಂಗದವರೇ. ಆ ವರ್ಷದ ರಾಜ್ಯ ಪ್ರಶಸ್ತಿ ಸೌಬಿನ್ ಶಾಹಿರ್ ಜೊತೆ ಅವರಿಗೆ ಹಂಚಿಕೆಯಾಯಿತು. ನಮ್ಮ 'ನಾನು ಅವನಲ್ಲ... ಅವಳು' ಚಿತ್ರಕ್ಕೆ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದದ್ದು ಅದಕ್ಕೂ ಮೊದಲು, 2015ರಲ್ಲಿ, ಎಂದು ಹೇಳಿಕೊಳ್ಳುವ ಹೆಮ್ಮೆ ನಮಗಿರಲಿ. ಇವರಿಬ್ಬರೂ ಗಂಡಸರು. 'ಅಂತರಂ' ಚಿತ್ರದ ನೇಘಾ ಸ್ವತಃ ಟ್ರಾನ್ಸ್ ಮಹಿಳೆ. 2021ರ ಸಾಲಿನಲ್ಲಿ ಕೇರಳದ ವಿಶೇಷ ಪ್ರಶಸ್ತಿ ಅವರಿಗೆ ಸಂದಿತು. 2023ರಲ್ಲಿ ಜಿಯೋ ಬೇಬಿಯವರ 'ಕಾದಲ್' ಬಂತು. ಪಂಚಾಯತಿ ಚುನಾವಣೆಗೆ ನಿಂತ ನಡುವಯಸ್ಸಿನ ಗೃಹಸ್ಥ, ಸಲಿಂಗಪ್ರೇಮಿಯೆಂದು ಅವನಿಂದ ವಿಚ್ಛೇದನ ಕೇಳುವ ಹೆಂಡತಿ. ಎಪ್ಪತ್ತು ದಾಟಿದ ಮಮ್ಮೂಟ್ಟಿ ತಾವೇ ಹಣ ಹಾಕಿ ಆ ಪಾತ್ರ ವಹಿಸಿದರು. ಅದರಲ್ಲಿ ಯಾರೂ ಸೊಂಟ ಬಳುಕಿಸುವುದಿಲ್ಲ. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಜ್ಯ ಪ್ರಶಸ್ತಿ ಅದಕ್ಕೇ ಬಂತು.

ಈ ಸಲದ ರಾಜ್ಯೋತ್ಸವದ ನಾಟಕಕ್ಕೆ ನಮ್ಮ ಸಾಂಸ್ಕೃತಿಕ ಸಮಿತಿ ಆರಿಸಿದ ಹಸ್ತಪ್ರತಿಯಲ್ಲಿ, ಎಂದಿನಂತೆ, ಸೀರೆಯುಟ್ಟು ಬರುವ ಒಬ್ಬ ಅಡುಗೆಭಟ್ಟ ಇದ್ದಾನೆ. ಆ ಪಾತ್ರ ಬೇಡವೆಂದು ಕೆಲವರು, ಅದಿಲ್ಲದೆ ಟಿಕೆಟ್ ಹೋಗುವುದಿಲ್ಲವೆಂದು ಕೆಲವರು. ಅವನಿಗೊಂದು ಹೆಸರನ್ನೂ ನಾಲ್ಕು ನೆಟ್ಟಗಿನ ಮಾತನ್ನೂ ಕೊಡೋಣ ಎಂದು ನಾವು ಸೂಚಿಸಿದ್ದೇವೆ. ಇನ್ನೂ ತೀರ್ಮಾನವಾಗಿಲ್ಲ. ಸೀರೆಯನ್ನಂತೂ ಆಗಲೇ ತಂದಿಟ್ಟಿದ್ದಾರೆ.