ಉರಕಾಮಿಯ ಗುಪ್ತಕ್ರೈಸ್ತರು

ಜಪಾನು ದೇಶದ ನಾಗಸಾಕಿ ಪಟ್ಟಣದ ಬಳಿ ಉರಕಾಮಿ ಎಂಬ ಬೇಸಾಯಗಾರರ ಹಳ್ಳಿಯಿದ್ದಿತು. ಗೋವೆಯಿಂದ ಹೊರಟ ಫ್ರಾನ್ಸಿಸ್ ಜೇವಿಯರನು 1549ರಲ್ಲಿ ಕಾಗೊಶಿಮಾ ತೀರವನ್ನು ಸೇರಿದ ತರುವಾಯ ಆ ಸೀಮೆಯಲ್ಲಿ ಹಬ್ಬಿದ ಕ್ರೈಸ್ತಮತವನ್ನು ಈ ಹಳ್ಳಿಯವರೂ ಅವಲಂಬಿಸಿದ್ದರು. 1614ರಲ್ಲಿ ತೊಕುಗಾವ ಪ್ರಭುತ್ವವು ಆ ಮತವನ್ನು ದೇಶದಲ್ಲೆಲ್ಲ ನಿಷೇಧಿಸಿತು. ಪಾದ್ರಿಗಳಲ್ಲಿ ಕೆಲವರು ಹತರಾದರು, ಹಲವರು ದೇಶದಿಂದ ಹೊರಡಿಸಲ್ಪಟ್ಟರು. ಕಾಲಕ್ರಮದಲ್ಲಿ ಪ್ರತಿಯೊಂದು ಮನೆಯವರೂ ಬೌದ್ಧ ದೇವಾಲಯದ ದಫ್ತರದಲ್ಲಿ ಹೆಸರನ್ನು ಬರೆಯಿಸಬೇಕಾಯಿತು.

ವರುಷಕ್ಕೊಮ್ಮೆ ಗ್ರಾಮಾಧಿಕಾರಿಯ ಮನೆಯಲ್ಲಿ ಯೇಸುವಿನ ಅಥವಾ ಮರಿಯಮ್ಮನವರ ಬಿಂಬವನ್ನು ನೆಲದ ಮೇಲಿರಿಸಿ ಜನರೆಲ್ಲರಿಂದ ತುಳಿಯಿಸುತ್ತಿದ್ದರು. ಉರಕಾಮಿಯವರೂ ತುಳಿದರು; ಮನೆಗೆ ಬಂದು ಬಾಗಿಲಿಕ್ಕಿಕೊಂಡು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಪಠಿಸಿದರು. ಗುರುಗಳಿಲ್ಲದ ಆ ಕಾಲದಲ್ಲಿ ಊರಿನವನೊಬ್ಬನು ಪರ್ವದಿನಗಳ ಗಣನೆಯನ್ನೂ, ಮತ್ತೊಬ್ಬನು ಶಿಶುಗಳ ಜ್ಞಾನಸ್ನಾನವನ್ನೂ ವಹಿಸಿಕೊಂಡು, ಎರಡು ಶತಮಾನಗಳಿಗೂ ಮಿಕ್ಕಿ ಮತವನ್ನು ಉಳಿಸಿದರು. ಮರಿಯಮ್ಮನವರನ್ನು ಕನ್ನೊನ್ ದೇವಿಯ ವಿಗ್ರಹದಲ್ಲಿ ಭಾವಿಸಿಕೊಂಡು ಪೂಜಿಸುವುದೂ ಗುಪ್ತಕ್ರೈಸ್ತರಲ್ಲಿ ರೂಢಿಯಾಗಿದ್ದಿತು. ಈ ಕನ್ನೊನ್ ಬೇರೆ ಯಾರೂ ಅಲ್ಲ, ಚೀನಾದಲ್ಲಿ ಸ್ತ್ರೀರೂಪವನ್ನು ತಳೆದ ಅವಲೋಕಿತೇಶ್ವರನೇ. ಭರತಖಂಡದ ಬೋಧಿಸತ್ತ್ವನು ಮೇರಿಮಾತೆಗೆ ಮರೆಯಾದದ್ದು ಮತಚರಿತ್ರೆಯ ವಿಚಿತ್ರಗಳಲ್ಲೊಂದು! ಇಂಥವರನ್ನು ಹೇಡಿಗಳೆಂದು ಜರೆಯುವುದು ಸುಲಭ. ಆದರೆ ಅವರು ಮರೆಸದಿದ್ದಲ್ಲಿ ಮುಂದೆ ಪ್ರಕಟಪಡಿಸಲು ಏನೂ ಉಳಿಯುತ್ತಿರಲಿಲ್ಲ.

1865ನೆಯ ಮಾರ್ಚಿ 17ರಂದು, ಪರದೇಶೀಯರಿಗಾಗಿ ನಾಗಸಾಕಿಯ ಓವುರಾದಲ್ಲಿ ಕಟ್ಟಿದ್ದ ಹೊಸ ಇಗರ್ಜಿಗೆ ಉರಕಾಮಿಯ ಕೆಲವರು ಬಂದರು. ಅವರಲ್ಲೊಬ್ಬ ಹೆಂಗಸು ಪೆತಿಜಾನ್ ಎಂಬ ಫ್ರೆಂಚ್ ಪಾದ್ರಿಯನ್ನು ಸಮೀಪಿಸಿ, ತಮ್ಮೆಲ್ಲರ ಹೃದಯವೂ ಆತನ ಹೃದಯದಂತೆಯೇ ಎಂದು ಮೆಲ್ಲನೆ ಹೇಳಿ, ಮರಿಯಮ್ಮನವರ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು.

ಅದೂ ಪಿಸುಮಾತೇ. ಗುಟ್ಟು ಬಯಲಾದುದು ಶವಸಂಸ್ಕಾರದ ಪ್ರಸಂಗದಲ್ಲಿ. ಅದುವರೆಗೆ ಬೌದ್ಧ ಪುರೋಹಿತನು ಬಂದು ಸೂತ್ರಪಾಠ ಮಾಡುವುದು, ಮನೆಯವರು ಗುಟ್ಟಾಗಿ ಅದರ ಫಲವನ್ನಳಿಸುವ ಪ್ರಾರ್ಥನೆಯನ್ನು ಹೇಳಿಕೊಳ್ಳುವುದು ನಡೆದುಬಂದಿದ್ದಿತು. 1867ರಲ್ಲಿ ಅವರು ಪುರೋಹಿತನನ್ನು ಕರೆಯದೆ ತಮ್ಮವರನ್ನು ತಾವೇ ಮಣ್ಣುಮಾಡಿದರು. ಪ್ರತಿವರ್ಷದ ಪಾಪವನ್ನು ಪ್ರಾರ್ಥನೆಯಿಂದ ತೊಳೆದುಕೊಂಡವರು ಸತ್ತವರ ವಿಷಯದಲ್ಲಿ ಮಾತ್ರ ಇನ್ನು ಸುಳ್ಳಾಡಲೊಲ್ಲದೆ ಹೋದರು.

ಪ್ರಮುಖರು ಸೆರೆಯಾದರು. ಚಿತ್ರಹಿಂಸೆಯನ್ನು ತಾಳಲಾರದೆ ಬಹುತೇಕ ಎಲ್ಲರೂ ಮತವನ್ನು ಬಿಟ್ಟೆವೆಂದರು. ತಕಾಗಿ ಸೆನ್ಎಮೊನ್ ಎಂಬವನೊಬ್ಬನು ಬಿಡಲೊಲ್ಲೆನೆಂದನು. ಊರಿಗೆ ಮರಳಿದವರು ನಾಚಿ, ಆಡಿದ ಮಾತನ್ನು ಹಿಂತೆಗೆದುಕೊಳ್ಳುವೆವೆಂದು ತಾವಾಗಿಯೇ ಅಧಿಕಾರಿಗಳಿಗೆ ಅರಿಕೆಮಾಡಿಕೊಂಡರು. ಕುಗ್ಗಿದವರು ಮತ್ತೆ ನಿಂತ ಈ ಸಂಗತಿಯು ಕುಗ್ಗದವನ ಧೈರ್ಯಕ್ಕಿಂತ ಕಿರಿದಲ್ಲ.

1868ರಲ್ಲಿ ಪ್ರಭುತ್ವವು ಬದಲಾದರೂ ನಿಷೇಧವು ಬದಲಾಗಲಿಲ್ಲ. ಸುಮಾರು 3,400 ಮಂದಿ ದೂರದೂರದ ಸಂಸ್ಥಾನಗಳಿಗೆ ಗಡೀಪಾರಾದರು. ತ್ಸುವಾನೊದಲ್ಲಿ ಅವರನ್ನು ಹೆಪ್ಪುಗಟ್ಟಿದ ಕೊಳದಲ್ಲಿ ಮುಳುಗಿಸಿದರು, ಕಾಲು ಚಾಚಲಾಗದ ಗೂಡುಗಳಲ್ಲಿ ಕೂಡಿದರು. ಪಾಶ್ಚಾತ್ಯ ರಾಜ್ಯಗಳ ಆಕ್ಷೇಪಣೆಗಳು ಹೆಚ್ಚಲಾಗಿ 1873ರಲ್ಲಿ ನಿಷೇಧದ ಹಲಗೆಗಳನ್ನು ತೆಗೆಸಲಾಯಿತು. ಅಷ್ಟರಲ್ಲಿ ಗಡೀಪಾರಾದವರಲ್ಲಿ 600ಕ್ಕೂ ಹೆಚ್ಚು ಮಂದಿ ತೀರಿಹೋಗಿದ್ದರು.

ಮರಳಿದವರು ಬಡತನದಲ್ಲಿಯೂ ಹಣ ಕೂಡಿಸಿ, ಬಿಂಬವನ್ನು ತುಳಿಯಿಸುತ್ತಿದ್ದ ಆ ಗ್ರಾಮಾಧಿಕಾರಿಯ ಮನೆಯನ್ನೇ 1880ರಲ್ಲಿ ಕೊಂಡರು. ಅಲ್ಲಿ 1895ರಲ್ಲಿ ಆರಂಭಿಸಿದ ಇಟ್ಟಿಗೆಯ ಇಗರ್ಜಿಯು 1914ರಲ್ಲಿ ಮುಗಿದು, 1945ನೆಯ ಆಗಸ್ಟ್ 9ರ ಅಣುಬಾಂಬಿಗೆ ಆಹುತಿಯಾಯಿತು. 1959ರಲ್ಲಿ ಮತ್ತೆ ಎದ್ದಿತು. ಇಕಿತ್ಸುಕಿ ದ್ವೀಪದಲ್ಲಾದರೋ, ನಿಷೇಧವು ತೊಲಗಿದ ಮೇಲೆಯೂ ಬಹುಮಂದಿ ಇಗರ್ಜಿಗೆ ಸೇರಲಿಲ್ಲ. ಒಳಕೋಣೆಯಲ್ಲಿ ಬಚ್ಚಿಟ್ಟ ಚಿತ್ರಪಟದ ಮುಂದೆ ಹಿರಿಯರು ಕಲಿಸಿದ ಪ್ರಾರ್ಥನೆಯನ್ನೇ ಹೇಳಿಕೊಂಡು ಬಂದರು.